ನೀಲಿ ರಟ್ಟಿನವನಿಗೆ ಅವ್ವ ಹೇಳಿದ ಪದ

ನಮ್ಮ ನಡುಮನೆಯ ಗೋಡೆಯ ಮೇಲೆ ಮೊದಲು ವೆಂಕಟರಮಣ, ಅವನ ಪಕ್ಕದಲ್ಲಿ ಲಕ್ಷ್ಮಿ, ಆಮೇಲೆ ಹಾರ ಹಾಕಿದ ನಮ್ಮಜ್ಜನ ಪಟ, ಅದಕ್ಕೆ ಒತ್ತಿಕೊಂಡಂತೆ ಕೆನ್ನೆ ಉಬ್ಬಿಸಿಕೊಂಡು ತುತ್ತೂರಿ ಊದುತ್ತಿದ್ದ ಒಬ್ಬ ಕಪ್ಪು ಮನುಷ್ಯ. ಹೊಸದಾಗಿ ಮನೆಗೆ ಬಂದವರು ಚೊಂಬಿನ ನೀರು ಕುಡಿಯುತ್ತ ಗೋಡೆಯ ಮೇಲೆ ಕಣ್ಣಾಡಿಸುತ್ತಿದ್ದರು. ಅಜ್ಜನ ತನಕ ಸರಾಗವಾಗಿ ಬಂದು ಅಲ್ಲಿ ತಡೆದು ನಿಲ್ಲುತ್ತಿದ್ದರು.

"ಇವ್ರ್ಯಾರವ್ವಾ, ನಿಮ್ ಕಡೆಯೋರಾ?"

ನಮ್ಮಜ್ಜಿಗೆ ಈ ಪ್ರಶ್ನೆ ಕೇಳಿ ಕೇಳಿ ಅಭ್ಯಾಸವಾಗಿತ್ತು.

"ನಮ್ ತಿಮ್ಮಂಗೆ ಬೇಕಾದೋರು. ಕುಂತ್ಕಳಿ, ಉಂಡ್ಕಂಡ್ ಓಗೀರಂತೆ."

ತಿಮ್ಮ ಅಂದರೆ ನಮ್ಮಪ್ಪ. ನಮ್ಮ ಮನೆ ಇದ್ದದ್ದು ಶೀಳನೆರೆ ಹೋಬಳಿಯ ಒಂದು ಸಣ್ಣ ಊರಿನಲ್ಲಿ, ಊರು ಮುಗಿದು ಗದ್ದೆ ಶುರುವಾಗುವ ಕಡೆ. ಮುಂದೆ ಉದ್ದನೆಯ ಜಗಲಿ, ಒಳಗೆ ಕಂಬಗಳ ನಡುಮನೆ, ಅದರ ಬಲಕ್ಕೆ ಅಡುಗೆಮನೆ, ಎಡಕ್ಕೆ ರಾಗಿ ತುಂಬಿಡುವ ಕತ್ತಲೆ ಕೋಣೆ, ಹಿಂದೆ ಕೊಟ್ಟಿಗೆ. ಬೇಸಾಯದ ಮನೆಯಲ್ಲಿ ಹುಟ್ಟಿದ ಅಪ್ಪನಿಗೆ ಮಣ್ಣಿಗಿಂತ ರಸ್ತೆ ಹಿಡಿಸಿತ್ತು. ಅವನು ಖಾಸಗಿ ಬಸ್ಸೊಂದರ ಡ್ರೈವರ್ ಆಗಿದ್ದ. ಬೆಳಿಗ್ಗೆ ನಮ್ಮೂರಿಂದ ಕೆ.ಆರ್. ಪೇಟೆ, ಅಲ್ಲಿಂದ ತಿರುಗಿ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣ, ಸಂಜೆಗೆ ಮತ್ತೆ ನಮ್ಮೂರು. ರಾತ್ರಿ ಬಸ್ಸು ನಮ್ಮ ಜಗಲಿಯ ಮುಂದೆಯೇ ನಿಲ್ಲುತ್ತಿತ್ತು. ನನಗೂ ನನ್ನ ತಮ್ಮ ಸೀನನಿಗೂ ಅದು ಮನೆಯ ಇನ್ನೊಂದು ಕೋಣೆ. ಓದುವುದು, ಜಗಳವಾಡುವುದು, ಮುನಿಸಿಕೊಂಡು ಮಲಗುವುದು ಎಲ್ಲ ಅದರ ಹಿಂದಿನ ಉದ್ದ ಸೀಟಿನ ಮೇಲೆ.

ಗ್ರಾಮಫೋನ್ ಪ್ಲೇಟಿನ ಮೊದಲ ರಟ್ಟು ಮನೆಗೆ ಬಂದದ್ದು ಹಾಡಿಗಾಗಿ ಅಲ್ಲ, ಬಣ್ಣಕ್ಕಾಗಿ. ಬಸ್ಸಿಗೆ ಹೊಸ ಬಣ್ಣ ಹೊಡೆಸುವ ಕೆಲಸವನ್ನು ಯಜಮಾನರು ಅಪ್ಪನಿಗೆ ವಹಿಸಿದ್ದರು. ನೀಲಿ ಹೊಡಿ ಎಂದು ಅಪ್ಪ ಪೇಂಟರಿಗೆ ಹೇಳಿದರೆ ಆತ ಯಾವ ನೀಲಿ ಎಂದು ಕೇಳಿದನಂತೆ. ಅಪ್ಪನಿಗೆ ಹೇಳಲು ಬರಲಿಲ್ಲ. ಆ ನೀಲಿ ಅವನ ಕಣ್ಣಲ್ಲಿತ್ತು, ಆದರೆ ತೋರಿಸಲು ಒಂದು ಸಾಮಾನು ಸಿಗಲಿಲ್ಲ. ಮಧ್ಯಾಹ್ನ ಶ್ರೀರಂಗಪಟ್ಟಣದಲ್ಲಿ ಬಸ್ಸು ನಿಂತಾಗ ಬಾಬಾ ಸಾಬರ ಗುಜರಿ ಅಂಗಡಿಯ ನೆರಳಲ್ಲಿ ಕೂತು ಬುತ್ತಿ ಬಿಚ್ಚುವುದು ಅಪ್ಪನ ವಾಡಿಕೆ. ಮೈಸೂರಿನ ಹಳೆಯ ಬಂಗಲೆಗಳನ್ನು ಖಾಲಿ ಮಾಡಿಕೊಂಡು ಹೋದವರ ಕುರ್ಚಿ, ಲಾಟೀನು, ಪಿಂಗಾಣಿ ತಟ್ಟೆಗಳೆಲ್ಲ ಆ ಅಂಗಡಿಗೆ ಬಂದು ಬೀಳುತ್ತಿದ್ದವು. ಅವತ್ತು ಒಂದು ತಗಡಿನ ಟ್ರಂಕಿನ ಮೇಲೆ ಅಪ್ಪ ಹುಡುಕುತ್ತಿದ್ದ ನೀಲಿ ಬಿಸಿಲು ಕಾಯುತ್ತ ಬಿದ್ದಿತ್ತು.

"ಅರೆ ಗೌಡ್ರೇ, ಅದು ಇಂಗ್ಲಿಷ್ ಬಾಜಾ ಪ್ಲೇಟು," ಅಂದರಂತೆ ಬಾಬಾ ಸಾಬರು. "ಜಾಜ್ ಅಂತಾರೆ ಅದುಕ್ಕೆ. ನಿಮ್ಮನೇಲಿ ಮಿಷನ್ ಐತಾ?"

"ಇಲ್ಲ."

"ಫಿರ್ ಕಾಯ್ಕು? ಇದ್ಯಾಕೆ ನಿಮ್ಗೆ?"

"ಈ ನೀಲಿ ಬೇಕು ಸಾಬ್ರೇ."

ಆ ರಟ್ಟನ್ನು ಪೇಂಟರಿಗೆ ತೋರಿಸಿ ಅಪ್ಪ ಬಸ್ಸಿಗೆ ಬಣ್ಣ ಹೊಡೆಸಿದ. ಆ ದಾರಿಯ ಊರುಗಳಲ್ಲೆಲ್ಲ ಅದಕ್ಕೆ ನೀಲಿ ಬಸ್ಸು ಎಂದೇ ಹೆಸರಾಯಿತು. ಕೆಲಸ ಮುಗಿದ ಮೇಲೆ ರಟ್ಟನ್ನು ಎಸೆಯಲು ಮನಸ್ಸಾಗದೆ ಅಪ್ಪ ಅಜ್ಜನ ಪಟದ ಪಕ್ಕದಲ್ಲಿ ಮೊಳೆ ಹೊಡೆದು ಒಂದು ಪಟ್ಟಿ ಕಟ್ಟಿ ನಿಲ್ಲಿಸಿದ. ಒಳಗೆ ಕಪ್ಪು ಪ್ಲೇಟು ಇದ್ದೇ ಇತ್ತು. ಅದನ್ನು ಯಾರೂ ಹೊರಗೆ ತೆಗೆಯಲಿಲ್ಲ, ತೆಗೆದು ಮಾಡುವುದಾದರೂ ಏನಿತ್ತು? ನಾನು ಮುಂದೆ ಡ್ರಾಯಿಂಗ್ ಟೀಚರಾಗಿ ಮಕ್ಕಳಿಗೆ ಬಣ್ಣ ಕಲಿಸಿದವಳು. ಆದರೂ ಆ ನೀಲಿಗೆ ನಾನು ಇವತ್ತಿಗೂ ಹೆಸರು ಹೇಳಲಾರೆ. ಮೇಲ್ಗಡೆ ಶಾಯಿಯ ಹಾಗೆ ಗಾಢ, ಕೆಳಗಿಳಿದಂತೆ ಬಿಳಿ ಬಟ್ಟೆಗೆ ಹಾಕುವ ನೀಲಿಯಷ್ಟು ತೆಳು. ತುತ್ತೂರಿಯವನು ನಡುವೆ ಇರಲಿಲ್ಲ, ಎಡಗಡೆಯ ಮೂಲೆಯಲ್ಲಿ ಒತ್ತಿಕೊಂಡಿದ್ದ. ಉಳಿದ ಜಾಗವೆಲ್ಲ ಅವನ ತುತ್ತೂರಿಯ ದನಿಗೆಂದು ಬಿಟ್ಟ ಹಾಗಿತ್ತು.

ಒಂದು ರಟ್ಟು ಬಂದ ಮೇಲೆ ಇನ್ನೊಂದು ಬಂತು. ಅಪ್ಪನಿಗೆ ಅದೊಂದು ಹುಚ್ಚಾಗಿ ಹಿಡಿಯಿತು. ಬಾಬಾ ಸಾಬರು ಅಂಥವು ಬಂದರೆ ಅಪ್ಪನಿಗೆಂದು ಬೇರೆ ತೆಗೆದಿಡುತ್ತಿದ್ದರು. ಹಸಿರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ ಒಬ್ಬ ಹೆಂಗಸು, ಕಿವಿಯ ಹಿಂದೆ ಬಿಳಿ ಹೂವು. ಬರೀ ಕೆಂಪು ಬಳಿದು ಅದರೊಳಗೆ ಆಳೆತ್ತರದ ಪಿಟೀಲೊಂದನ್ನು ಗೋಡೆಗೆ ಒರಗಿಸಿಟ್ಟ ಚಿತ್ರ, ಬಾರಿಸುವವನೇ ಇಲ್ಲ. ಇನ್ನೊಂದರಲ್ಲಿ ಮನುಷ್ಯರೂ ಇಲ್ಲ, ವಾದ್ಯವೂ ಇಲ್ಲ, ಹಳದಿ ಚೌಕಗಳು ಮಾತ್ರ. ಅಜ್ಜಿ ಅವಕ್ಕೆಲ್ಲ ಹೆಸರಿಟ್ಟಿದ್ದಳು: ಕೆನ್ನೆಯವನು, ಕಣ್ಮುಚ್ಚಿಕೊಂಡೋಳು, ಯಾರೂ ಇಲ್ಲದ್ದು, ಕೌದಿ. ಮನೆ ಸಾರಿಸುವಾಗ "ಕೆನ್ನೆಯವ್ನ ಕೆಳೀಕ್ ಇಳ್ಸು, ಕೌದಿ ಮೇಲ್ ಧೂಳ್ ಕುಂತದೆ" ಎಂದು ಅವಳು ಕೂಗಿದರೆ ನಾನು ಸ್ಟೂಲು ಹತ್ತುತ್ತಿದ್ದೆ.

ಆ ರಟ್ಟುಗಳಿಂದಲೇ ನಾನು ನೋಡುವುದನ್ನು ಕಲಿತೆ ಎಂದರೆ ಹೆಚ್ಚಾಗಲಾರದು. ಸ್ಕೂಲಿನಲ್ಲಿ ಬಸ್ಸಿನ ಚಿತ್ರ ಬರೆಯಿರಿ ಅಂದಾಗ ನಾನು ಹಾಳೆಯ ಕೆಳಮೂಲೆಯಲ್ಲಿ ಸಣ್ಣದೊಂದು ನೀಲಿ ಬಸ್ಸು ಬರೆದು ಉಳಿದದ್ದನ್ನು ಖಾಲಿ ಬಿಟ್ಟಿದ್ದೆ. ಮೇಷ್ಟ್ರು ಹಾಳೆ ಯಾಕೆ ದಂಡ ಮಾಡಿದೆ, ಮರ ಬರಿ, ಸೂರ್ಯನ್ನ ಬರಿ ಎಂದು ಗದರಿದರು. ಅದು ರಸ್ತೆ ಸಾರ್, ಇನ್ನೂ ಹೋಗಬೇಕಾದ್ದು ಅಂದೆ. ಬೆಂಚಿನ ಮೇಲೆ ನಿಲ್ಲಿಸಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಇದೆ. ಮನೆಗೆ ಬಂದು ಕೆನ್ನೆಯವನ ಮುಂದೆ ಕೂತು ಅತ್ತೆ. ಸಂಜೆ ಅಪ್ಪ ಬಂದವನು ನನ್ನ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ದೂರವಿಟ್ಟು ನೋಡಿ, ಬಸ್ಸಿನೊಳಗೆ ತನ್ನ ಸೀಟಿನ ಮೇಲ್ಗಡೆ ಅಂಟಿಸಿಕೊಂಡ.

ಇನ್ನು ಹಾಡಿನ ಕಥೆ. ಮನೆಯಲ್ಲಿ ಪ್ಲೇಟು ತಿರುಗಿಸುವ ಮಿಷನ್ ಇರಲಿಲ್ಲ, ಆದರೆ ಅವ್ವ ಇದ್ದಳು. ಅವ್ವ ನಾಗಮಂಗಲದ ಕಡೆಯವಳು, ದೇವಲಾಪುರದ ಹತ್ತಿರದ ಮಳೆ ನಂಬಿದ ಬೆದ್ದಲು ಸೀಮೆಯಿಂದ ಬಂದವಳು. ತವರಿನಲ್ಲಿ ರಾಗಿ ಬೀಸುತ್ತ ಬೀಸುತ್ತ ಕಲಿತ ಪದಗಳು ಅವಳಲ್ಲಿ ಬೇಕಾದಷ್ಟಿದ್ದವು. ನಮ್ಮೂರಿಗೆ ಹಿಟ್ಟಿನ ಮಿಲ್ಲು ಬಂದ ಮೇಲೆ ರಾಗಿಕಲ್ಲು ಕತ್ತಲೆ ಕೋಣೆಯ ಮೂಲೆ ಸೇರಿತು. ಕಲ್ಲಿನ ಮುಂದೆ ಕೂರದೆ ಪದ ಹೇಳುವುದು ಹೇಗೆಂದು ತಿಳಿಯದೆ ಅವ್ವ ಸುಮ್ಮನಾಗಿದ್ದಳಂತೆ. ನೀಲಿ ರಟ್ಟು ಬಂದ ಹೊಸತರಲ್ಲಿ ಒಂದು ಸಂಜೆ ಸೀನ ಅದರ ಮುಂದೆ ನಿಂತು ಇವನು ಏನು ಊದುತ್ತಿದ್ದಾನೆ ಹೇಳು ಎಂದು ಹಟ ಹಿಡಿದ. ಅವ್ವ ಸೊಪ್ಪು ಬಿಡಿಸುತ್ತ ಕೂತಿದ್ದಳು. ತಲೆಯೆತ್ತಿ ಆ ಉಬ್ಬಿದ ಕೆನ್ನೆಗಳನ್ನು ಸ್ವಲ್ಪ ಹೊತ್ತು ನೋಡಿದಳು.

"ಇವ್ನಾ? ಇವ್ನು ಮನೆ ಬುಟ್ಟು ದೂರ ಬಂದವ್ನೆ. ಅವ್ರವ್ವನ್ನ ಕರೀತಾವ್ನೆ."

ಹಾಗೆಂದವಳು ಮೆಲ್ಲಗೆ ಒಂದು ಪದ ಎತ್ತಿದಳು. ತವರಿನ ದಾರಿ ನೋಡುತ್ತ ಕಲ್ಲು ಬೀಸುವವಳ ಪದ ಅದು. ಸಾಲು ಎತ್ತರದಲ್ಲಿ ಶುರುವಾಗಿ ನಿಧಾನವಾಗಿ ಇಳಿಯುತ್ತ ಬಂದು ಕೊನೆಗೆ ನೆಲಕ್ಕೆ ಕೂತುಬಿಡುತ್ತಿತ್ತು. ನೆರಳಿನಂತೆ ಅಜ್ಜಿಯೂ ಗುನುಗಿದಳು. ಆವತ್ತಿನಿಂದ ಅದು ನಮ್ಮ ಮನೆಯ ಸಂಜೆಯ ಆಟವಾಯಿತು. ಉಪ್ಸಾರು ಕುದಿಯುವಾಗ ಸೀನನೋ ನಾನೋ ಒಂದು ರಟ್ಟನ್ನು ಕೆಳಗಿಳಿಸಿ ಕಂಬಕ್ಕೆ ಒರಗಿಸುವುದು, ಅವ್ವ ಅದನ್ನು ನೋಡಿ ಅದರ ಪದ ಹೇಳುವುದು. ಕಣ್ಮುಚ್ಚಿಕೊಂಡೋಳಿಗೆ ಸೋಬಾನೆ, ಕೌದಿಗೆ ತೊಟ್ಟಿಲ ಪದ, ಯಾರೂ ಇಲ್ಲದ್ದಕ್ಕೆ ಬರೀ ರಾಗ, ಮಾತಿಲ್ಲ. ಅಪ್ಪ ಬಸ್ಸು ನಿಲ್ಲಿಸಿ, ಕೈಕಾಲು ತೊಳೆದು, ಒಳಗೆ ಬರದೆ ಜಗಲಿಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಮುದ್ದೆ ಆರಿಹೋಗುತ್ತದೆ ಎಂದು ಅಜ್ಜಿ ಕೂಗಿದರೂ ಪದ ಮುಗಿಯುವ ತನಕ ಒಳಕ್ಕೆ ಕಾಲಿಡುತ್ತಿರಲಿಲ್ಲ. ಬೀಡಿಯ ಚಟಕ್ಕೆ ಹಾಗೆ ಮಾಡುತ್ತಾನೆ ಎಂದು ನಾವೆಲ್ಲ ತಿಳಿದಿದ್ದೆವು.

ಹೀಗೆ ಕೆಲವು ವರ್ಷ ಕಳೆದ ಮೇಲೆ ಮಿಷನ್ ಬಂತು. ಬಾಬಾ ಸಾಬರ ಮಗಳ ನಿಖಾಕ್ಕೆ ಪಾತ್ರೆ ಪಡಗವನ್ನೆಲ್ಲ ಅಪ್ಪ ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ ಮುಟ್ಟಿಸಿದ್ದ. ಆ ಪ್ರೀತಿಗೆ ಅವರು ಸೂಟ್‌ಕೇಸಿನ ಹಾಗೆ ಮುಚ್ಚುವ ಒಂದು ಪ್ಲೇಯರನ್ನು ರಿಪೇರಿ ಮಾಡಿಸಿ ಕೊಟ್ಟಿದ್ದರು. ಆಷಾಢದ ಗಾಳಿ ಬೀಸುತ್ತಿದ್ದ ಒಂದು ಭಾನುವಾರ ಅಪ್ಪ ಅದನ್ನು ನಡುಮನೆಯಲ್ಲಿಟ್ಟು ವೈರು ಸಿಕ್ಕಿಸಿದ. ಅಕ್ಕಪಕ್ಕದವರೂ ಬಂದು ಬಾಗಿಲಲ್ಲಿ ನಿಂತರು. ಮೊದಲು ಯಾರದ್ದು ಹಾಕುವುದು ಎಂಬ ಮಾತೇ ಬರಲಿಲ್ಲ, ಕೆನ್ನೆಯವನೇ ಮೊದಲು. ಅಪ್ಪ ಪ್ಲೇಟನ್ನು ಎಷ್ಟು ಮೆತ್ತಗೆ ಹೊರಗೆ ತೆಗೆದನೆಂದರೆ ಸೀನನನ್ನು ಹುಟ್ಟಿದಾಗ ಎತ್ತಿಕೊಂಡದ್ದೂ ಹಾಗಿರಲಿಲ್ಲ ಎಂದು ಅಜ್ಜಿ ಆಡಿಕೊಂಡಳು. ಮುಳ್ಳು ಪ್ಲೇಟಿನ ಮೇಲೆ ಕೂತಿತು. ಸ್ವಲ್ಪ ಹೊತ್ತು ಎಣ್ಣೆಯಲ್ಲಿ ಸಾಸಿವೆ ಸಿಡಿದ ಸದ್ದು. ಆಮೇಲೆ ತುತ್ತೂರಿ.

ಅದು ಹೇಗಿತ್ತು ಎಂದು ನಾನು ಹೇಳಬೇಕು. ನಾನು ಅಂದುಕೊಂಡದ್ದಕ್ಕಿಂತ ಒಂಟಿಯಾಗಿತ್ತು. ಒಂದು ದನಿ ಬಹಳ ಎತ್ತರದಿಂದ ಇಳಿಯುತ್ತ ಬಂದು, ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ಮುಟ್ಟದೆ, ಅಲ್ಲೇ ಬಾಗಿ, ಜೋಲಿ ಹೊಡೆದು, ಮತ್ತೆ ಮೇಲಕ್ಕೆ ಹೋಯಿತು. ಹಿಂದೆ ಯಾರೋ ಮೊರದಲ್ಲಿ ಕಾಳು ಕೇರಿದ ಹಾಗೆ ತಾಳ. ನನಗೆ ಮೈ ಜುಮ್ಮೆಂದಿತು. ಸೀನ ಬಾಯಿ ತೆರೆದುಕೊಂಡು ಕೂತಿದ್ದ. ಅಪ್ಪನ ಕಣ್ಣಲ್ಲಿ ನೀರಿತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ. ನಾನು ಅವ್ವನ ಕಡೆ ತಿರುಗಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕಂಬದ ಹಿಂದೆ ನಿಂತಿದ್ದಳು. ಅವಳ ಮುಖದಲ್ಲಿ ಇದ್ದದ್ದು ಸಂತೋಷವಲ್ಲ, ನಾಚಿಕೆ.

"ಅಯ್ಯೋ ಶಿವನೇ," ಅಂದಳು ನನಗೆ ಮಾತ್ರ ಕೇಳುವಂತೆ. "ಇದಾ ಇವಯ್ಯ ಊದ್ತಿದ್ದುದು? ಇಷ್ಟ್ ದಿನ ನಾನು ಏನೇನೋ ಯೋಳ್ಬುಟ್ನಲ್ಲ ಮಗ."

ಅವತ್ತಿಗೆ ಅವ್ವನ ಪದ ನಿಂತುಹೋಯಿತು. ಸಂಜೆ ಅಪ್ಪ ಬಂದ ಕೂಡಲೇ ಪ್ಲೇಯರು ತೆರೆಯುತ್ತಿದ್ದ. ಒಂದಾದ ಮೇಲೊಂದು ಪ್ಲೇಟು. ಕಣ್ಮುಚ್ಚಿಕೊಂಡೋಳ ದನಿ ಗೊಗ್ಗರಾಗಿದ್ದರೂ ಬಹಳ ಚೆನ್ನಾಗಿತ್ತು, ಕೌದಿಯಂತೂ ಸಂತೆಯಷ್ಟು ಗದ್ದಲ. ನಾನೂ ಸೀನನೂ ಖುಷಿಯಿಂದಲೇ ಕೇಳಿದೆವು, ಸುಳ್ಳೇಕೆ ಹೇಳಲಿ. ಆದರೆ ಅವ್ವ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ನಾನು ಹಿಂದಿನಂತೆ ಒಂದು ರಟ್ಟನ್ನು ಕಂಬಕ್ಕೆ ಒರಗಿಸಿದರೆ, ನಿಮ್ಮಪ್ಪ ಬಂದು ಹಾಕ್ತಾನೆ ಬಿಡು ಅನ್ನುತ್ತಿದ್ದಳು. ಮೊದಲು ಸೊಪ್ಪು ಬಿಡಿಸುವಾಗ, ಹಾಲು ಕರೆಯುವಾಗಲೂ ಏನಾದರೊಂದು ಗುನುಗುತ್ತಿದ್ದವಳು ಈಗ ತುಟಿ ಎರಡು ಮಾಡುತ್ತಿರಲಿಲ್ಲ. ಮನೆಯಲ್ಲಿ ದಿನಾ ಹಾಡಿತ್ತು, ಆದರೂ ನನಗೆ ಮನೆ ಬಿಕೋ ಅನ್ನುತ್ತಿತ್ತು. ಅದನ್ನು ಅಪ್ಪನಿಗೆ ಹೇಳುವುದು ಹೇಗೆ? ಅವನು ಅಷ್ಟು ಸಂತೋಷದಿಂದ ಇದ್ದದ್ದನ್ನು ನಾನು ಹಿಂದೆ ನೋಡಿರಲೇ ಇಲ್ಲ.

ಹೇಳಿದವಳು ಅಜ್ಜಿ. ಶ್ರಾವಣ ಕಳೆದು ಗೌರಿ ಹಬ್ಬದ ಹೊತ್ತಿಗೆ ಅವಳ ತಾಳ್ಮೆ ತೀರಿತ್ತು. ಊಟಕ್ಕೆ ಕೂತಾಗ ಮುದ್ದೆಯನ್ನು ತಟ್ಟೆಗೆ ಬಡಿದಂತೆ ಇಟ್ಟಳು.

"ತಿಮ್ಮ, ನಿನ್ ಮಿಷನ್ ಬಂದು ನನ್ ಸೊಸೆ ಬಾಯ್ ಕಟ್ಟೋಯ್ತು ಕಣ್ಲಾ."

"ನಾನೇನವ್ವ ಮಾಡ್ದೆ? ಅವ್ಳ್ಗೆ ಪದ ಯೋಳ್ಬೇಡ ಅಂದ್ನಾ?"

"ಅನ್ನೇ ಬೇಕೇನ್ಲಾ? ಮನೇಲಿ ದಿನಾ ಅಷ್ಟ್ ಜೋರಾಗ್ ಒಬ್ಬ ಊದ್ತಾ ಕುಂತ್ರೆ ಇನ್ನೊಬ್ರು ಎಲ್ಲಿ ಬಾಯ್ ಬುಟ್ಟಾರು?"

"ಬುಡಿ ಅತ್ತೆ," ಅಂದಳು ಅವ್ವ ಒಲೆಯ ಮುಂದಿನಿಂದ. "ನಂದೇನ್ ಮಹಾ. ಅವ್ರು ಕಲ್ತೋರು, ಊದ್ತಾರೆ."

ಅಪ್ಪ ಅವ್ವನ ಕಡೆ ನೋಡಿದ. ಅವ್ವ ಒಲೆಯ ಕಡೆ ನೋಡಿದಳು. ಅಪ್ಪ ಏನೋ ಹೇಳಲು ಬಾಯಿ ತೆರೆದು, ಮುದ್ದೆ ಮುರಿದು, ಸುಮ್ಮನೆ ಉಂಡು ಎದ್ದುಹೋದ. ನಮ್ಮ ಕಡೆಯ ಗಂಡಸರಿಗೆ ಬಾಯಿ ಇರುವುದು ಬೈಯುವುದಕ್ಕೆ ಮಾತ್ರ. ಆ ರಾತ್ರಿ ಪ್ಲೇಯರು ತೆರೆಯಲಿಲ್ಲ. ಮಾರನೆಯ ಸಂಜೆ ಮತ್ತೆ ತೆರೆಯಿತು.

ಆಯುಧಪೂಜೆ ಬಂತು. ನಮ್ಮಲ್ಲಿ ಆ ದಿನ ಕೆಲಸದ ಸಾಮಾನಿಗೆಲ್ಲ ಸ್ನಾನ. ಕುಡುಗೋಲು, ಗುದ್ದಲಿ, ನೇಗಿಲ ಗುಳ, ಮಚ್ಚು, ಈಳಿಗೆಮಣೆ, ಅಪ್ಪನ ಸ್ಪಾನರುಗಳು ಎಲ್ಲವನ್ನೂ ಹುಣಿಸೆಹಣ್ಣು, ಸೀಗೆಪುಡಿ ಹಾಕಿ ತಿಕ್ಕಿ ತೊಳೆದು ಜಗಲಿಯ ಮೇಲೆ ಬಿಸಿಲಿಗೆ ಸಾಲಾಗಿ ಇಡುವುದು, ಒಣಗಿದ ಮೇಲೆ ಅರಿಶಿನ ಕುಂಕುಮ. ಇಷ್ಟು ವರ್ಷ ರಟ್ಟುಗಳು ಈ ಲೆಕ್ಕಕ್ಕೆ ಬಂದಿರಲಿಲ್ಲ, ಅವು ಪಟಗಳು. ಈ ವರ್ಷ ಅಜ್ಜಿಗೆ ಹೊಸ ಯೋಚನೆ ಬಂತು. ಪ್ಲೇಟುಗಳು ಈಗ ಕೆಲಸ ಮಾಡುವ ಸಾಮಾನು, ಕೆಲಸ ಮಾಡುವ ಸಾಮಾನಿಗೆ ಪೂಜೆಯಾಗದೆ ಹೋದರೆ ಹೇಗೆ? ಅಪ್ಪ ಬಸ್ಸು ತೊಳೆಯಲು ಕಾಲುವೆಗೆ ಹೋಗಿದ್ದ. ನಾನೂ ಸೀನನೂ ಅವನ ಜೊತೆ. ಅವ್ವ ಒಬ್ಬಟ್ಟಿನ ಹೂರಣ ಅರೆಯುತ್ತಿದ್ದಳು. ಅಜ್ಜಿ ಒಬ್ಬಳೇ ಕೂತು ಎಲ್ಲ ಪ್ಲೇಟುಗಳನ್ನೂ ರಟ್ಟಿನಿಂದ ಹೊರಗೆ ತೆಗೆದು, ಸೀಗೆಪುಡಿ ಹಾಕಿ ತೊಳೆದು, ಕುಡುಗೋಲುಗಳ ಪಕ್ಕದಲ್ಲಿ ಬಿಸಿಲಿಗೆ ಹರವಿದಳು. ರಟ್ಟುಗಳನ್ನು ತೊಳೆಯಬಾರದೆಂಬ ಬುದ್ಧಿ ಅವಳಿಗೆ ಇತ್ತು. ಅವುಗಳ ಧೂಳು ಒರೆಸಿ, ಕೆನ್ನೆಯವನ ಹಣೆಗೂ ಕಣ್ಮುಚ್ಚಿಕೊಂಡೋಳ ಹಣೆಗೂ ಒದ್ದೆ ಬೆರಳಿನಿಂದ ಕುಂಕುಮ ಇಟ್ಟಳು. ಹಣೆ ಇಲ್ಲದ ರಟ್ಟುಗಳಿಗೆ ಮೂಲೆಯಲ್ಲಿ ಇಟ್ಟಳು.

ಬಾಳೆಕಂದು, ಚೆಂಡುಹೂವಿನ ಹಾರ ಕಟ್ಟಿಸಿಕೊಂಡ ನೀಲಿ ಬಸ್ಸು ಮಧ್ಯಾಹ್ನಕ್ಕೆ ಮನೆಯ ಮುಂದೆ ಬಂದು ನಿಂತಿತು. ಅಪ್ಪ ಹಾರನ್ ಹೊಡೆಯುತ್ತ ಇಳಿದವನು ಜಗಲಿಯ ಕಡೆ ನೋಡಿ ಹಾಗೇ ನಿಂತ. ದಸರೆಯ ಬಿಸಿಲು ಚುರುಗುಟ್ಟುತ್ತಿತ್ತು. ಪ್ಲೇಟುಗಳೆಲ್ಲ ಅಂಚು ಮೇಲೆತ್ತಿಕೊಂಡು, ಸೊಟ್ಟಗಾಗಿ, ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಮುದುಡಿದ್ದವು.

"ಯವ್ವಾ... ಏನ್ ಮಾಡ್ಬುಟ್ಟೆ ಯವ್ವಾ!"

"ತೊಳ್ದೆ ಕಣ್ಲಾ, ಇನ್ನೇನು ಮಾಡಾಕೋಗ್ಲಿ?" ಅಜ್ಜಿ ಹತ್ತಿರ ಬಂದು ಬಗ್ಗಿ ನೋಡಿದಳು. ಅವಳ ದನಿ ತಗ್ಗಿತು. "ಇವೇನ್ಲಾ ಇಂಗ್ ಸೊಟ್ಟಗಾಗೋದೋ?"

ಅಪ್ಪ ಬೈಯಲಿಲ್ಲ. ಬೈದಿದ್ದರೆ ನಮಗೆಲ್ಲ ಹಗುರವಾಗುತ್ತಿತ್ತು. ಒಂದೊಂದೇ ಪ್ಲೇಟನ್ನು ಎತ್ತಿಕೊಂಡು ನೆರಳಿಗಿಟ್ಟ. ಬಸ್ಸಿನ ಪೂಜೆ ಹೇಗೋ ಮುಗಿಯಿತು, ಬೂದುಗುಂಬಳಕಾಯಿಯನ್ನು ಪಕ್ಕದ ಮನೆಯವರು ಒಡೆದರು. ಎಲೆ ಹಾಕಿದಾಗ ಅಪ್ಪ ಬರಲಿಲ್ಲ. ಅವನ ಎಲೆಯ ಮೇಲಿನ ಒಬ್ಬಟ್ಟಿಗೆ ಇರುವೆ ಹತ್ತಿದವು. ಅಜ್ಜಿಯೂ ಉಣ್ಣಲಿಲ್ಲ. ಸಂಜೆಯಾದ ಮೇಲೆ ಅವಳೇ ಕತ್ತಲೆ ಕೋಣೆಗೆ ಹೋಗಿ ರಾಗಿಕಲ್ಲಿನ ಮೇಲಿದ್ದ ಗೋಣಿಚೀಲಗಳನ್ನು ತೆಗೆದುಹಾಕಿದಳು.

"ಬಾರ್ಲಾ ತಿಮ್ಮ. ಬಿಸ್ನೀರಿಂದ ಒಂಚೂರ್ ಮೆತ್ತಗ್ ಮಾಡಿ ಕಲ್ಲಿನ್ ಅಡೀಗ್ ಮಡಗವ. ನೆಟ್ಗಾಗ್ಬೋದು."

ಬೇರೆ ದಾರಿ ಕಾಣದೆ ಅಪ್ಪ ಹಾಗೇ ಮಾಡಿದ. ಪ್ಲೇಟುಗಳ ನಡುವೆ ಹಳೆಯ ಪಂಚೆಯ ತುಂಡುಗಳನ್ನಿಟ್ಟು ಪೇರಿಸಿ, ಮೇಲೆ ಒಂದು ಹಲಗೆ, ಅದರ ಮೇಲೆ ಅವ್ವ ಒಂದು ಕಾಲಕ್ಕೆ ದಿನವೂ ತಿರುಗಿಸಿದ್ದ ಆ ಭಾರದ ಕಲ್ಲು. ಕಲ್ಲನ್ನು ಎತ್ತಿಡಲು ಒಂದು ಕಡೆ ಅಪ್ಪ, ಇನ್ನೊಂದು ಕಡೆ ಅವ್ವ ಕೈ ಹಾಕಿದರು.

ಮಾರನೆಯ ದಿನ ವಿಜಯದಶಮಿ, ಬಸ್ಸಿಗೆ ರಜ. ಸಾಯಂಕಾಲ ಕಲ್ಲು ಸರಿಸಿ ನೋಡಿದರೆ ಪ್ಲೇಟುಗಳು ಕಣ್ಣಿಗೆ ಒಂದಷ್ಟು ನೆಟ್ಟಗಾಗಿದ್ದವು. ಅಪ್ಪನ ಮುಖದಲ್ಲಿ ಜೀವ ಬಂತು. ಎಲ್ಲರೂ ನಡುಮನೆಯಲ್ಲಿ ಸೇರಿದೆವು. ಕೆನ್ನೆಯವನ ಪ್ಲೇಟು ತಿರುಗತೊಡಗಿತು. ಮುಳ್ಳು ಏರಿತು, ಇಳಿಯಿತು, ಶೀಳನೆರೆಯ ಹಳ್ಳದಲ್ಲಿ ನಮ್ಮ ಬಸ್ಸು ಹಾಯುವ ಹಾಗೆ ಓಲಾಡಿ ಎಗರಿ ಆಚೆ ಬಿತ್ತು. ತುತ್ತೂರಿ ಕುಡಿದವನಂತೆ ತೊದಲಿತು. ಸೀನ ತಡೆಯಲಾರದೆ ಕಿಸಕ್ಕೆಂದ. ಅಪ್ಪ ಇನ್ನೊಂದು ಹಾಕಿದ, ಅದೂ ಹಾಗೇ. ಎಲ್ಲವೂ ಹಾಗೇ. ಕೊನೆಗೆ ಅವನು ಮುಳ್ಳನ್ನು ಎತ್ತಿಟ್ಟು, ಪ್ಲೇಯರಿನ ಮುಚ್ಚಳ ಹಾಕಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತ. ಕೊಟ್ಟಿಗೆಯಲ್ಲಿ ಹಸು ಮೈ ಕೊಡವಿದ್ದು ಕೇಳಿಸಿತು.

ಆಮೇಲೆ ಅಪ್ಪ ಎದ್ದು ನೀಲಿ ರಟ್ಟನ್ನು ಗೋಡೆಯಿಂದ ಇಳಿಸಿದ. ಹಣೆಯ ಕುಂಕುಮವನ್ನು ನೋಡಿದ. ರಟ್ಟನ್ನು ತಂದು, ನಾವು ಮಕ್ಕಳು ಮಾಡುತ್ತಿದ್ದ ಹಾಗೆ, ಕಂಬಕ್ಕೆ ಒರಗಿಸಿ ಅವ್ವನನ್ನು ಕರೆದ.

"ನಿಂಗಿ, ಇವ್ನುಗೆ ಒಂದ್ ಪದ ಯೋಳ್ತಿದ್ಯಲ್ಲ, ಯೋಳಮ್ಮಿ."

ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ದಿಟವಾದ್ದು ಕೇಳಿದ್ ಮೇಲೆ ನಂದ್ಯಾಕೆ? ನಾನ್ ಯೋಳ್ತಿದ್ದುದೆಲ್ಲ ಸುಳ್ಳು."

"ಸುಳ್ಳೋ ದಿಟವೋ," ಅಪ್ಪ ರಟ್ಟನ್ನೇ ನೋಡುತ್ತಿದ್ದ. "ಪಟ್ಣದಲ್ಲಿ ಸಾಬ್ರ್ ಅಂಗ್ಡೀಲಿ ಒಂದೊಂದ್ ರಟ್ಟ ಕೈಲಿಡ್ಕಂಡು, ಇದ್ಕೆ ನಿಂಗಿ ಯಾವ್ ಪದ ಯೋಳಾಳು ಅಂತ ನೋಡ್ಕಂಡೇ ತತ್ತಿದ್ದೆ ಕಣಮ್ಮಿ. ಮಿಷನ್ ಬತ್ತದೆ ಅಂತ ತಂದೋನಾ ನಾನು?"

ಅವ್ವನ ಮುಖ ಕೆಂಪಾಯಿತು. ಅಪ್ಪ ಜಗಲಿಯ ಮೇಲೆ ಬೀಡಿ ಹಚ್ಚಿಕೊಂಡು ಒಳಗೆ ಬಾರದೆ ಕೂರುತ್ತಿದ್ದದ್ದು ಏತಕ್ಕೆಂದು ನನಗೆ ಆಗ ತಿಳಿಯಿತು. ಅವ್ವನಿಗೂ ಆಗಲೇ ತಿಳಿದಿರಬೇಕು.

"ಮತ್ತೆ ಇಷ್ಟ್ ದಿನ ಬಾಯ್ ಬುಟ್ಟು ಯೋಳಾಕೆ ಏನ್ ಬಂದಿತ್ತು ನಿಮ್ಗೆ?"

ಅವ್ವ ಸೆರಗು ಸಿಕ್ಕಿಸಿಕೊಂಡು ರಟ್ಟಿನ ಎದುರಿಗೆ ಕೂತಳು. ಗಂಟಲು ಸರಿಮಾಡಿಕೊಂಡಳು. ಎರಡು ಸಲ ಎತ್ತಿ ಎರಡು ಸಲವೂ ಬಿಟ್ಟಳು. ಆಮೇಲೆ ಪದ ಬಂತು, ಅದೇ ತವರಿನ ದಾರಿಯ ಪದ. ಎತ್ತರದಿಂದ ಇಳಿಯುತ್ತ ಇಳಿಯುತ್ತ ಸಾಲಿನ ಕೊನೆಗೆ ಬಂದಳು. ಹಿಂದೆಲ್ಲ ನೆಲಕ್ಕೆ ಕೂರುತ್ತಿದ್ದ ಕಡೆ ಅವಳು ಕೂರಲಿಲ್ಲ. ಅಲ್ಲೇ ಬಾಗಿ, ದನಿಯನ್ನು ಒಂದಿಷ್ಟು ಜೋಲಿ ಹೊಡೆಸಿ, ಮತ್ತೆ ಮೇಲಕ್ಕೆ ಒಯ್ದಳು. ಅದು ಕೆನ್ನೆಯವನದು. ಅಷ್ಟು ದಿನ ಅಡುಗೆಮನೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದವಳು ಕಿವಿ ಮುಚ್ಚಿಕೊಂಡಿರಲಿಲ್ಲ. ಅಪ್ಪ ತಲೆಯೆತ್ತಿ ಅವಳನ್ನು ನೋಡಿದ. ಅವ್ವ ಅವನ ಕಡೆ ನೋಡದೆ ಇನ್ನೊಂದು ಸಾಲು ಹೇಳಿದಳು, ಮತ್ತೆ ಅದೇ ಕಡೆ ಬಾಗಿದಳು, ಈ ಸಲ ಬೇಕಂತಲೇ ಇನ್ನಷ್ಟು ಹೊತ್ತು. ಅಜ್ಜಿ ಕಣ್ಣೊರೆಸಿಕೊಂಡು, ನಿನ್ನೆಯ ಒಬ್ಬಟ್ಟು ಉಳಿದಿದೆ, ತುಪ್ಪ ಹಾಕಿ ಕೊಡಲೇನೋ ತಿಮ್ಮ ಎಂದು ಕೇಳಿದಳು.

ಆಮೇಲೂ ಅಪ್ಪ ರಟ್ಟು ತರುವುದನ್ನು ಬಿಡಲಿಲ್ಲ. ಒಳಗೆ ಪ್ಲೇಟು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಖಾಲಿ ರಟ್ಟುಗಳನ್ನು ಕೇಳಿ ಒಯ್ಯುವ ಗಿರಾಕಿ ಇವನೊಬ್ಬನೇ ಎಂದು ಬಾಬಾ ಸಾಬರು ನಗುತ್ತಿದ್ದರಂತೆ. ಪ್ಲೇಯರಿನ ಮೇಲೆ ಅಜ್ಜಿ ಎಲೆಅಡಿಕೆ ತಟ್ಟೆ ಇಟ್ಟುಕೊಂಡಳು. ನಾನು ದೊಡ್ಡವಳಾದ ಮೇಲೆ ಒಮ್ಮೆ ಅವಳನ್ನು ಕೇಳಿದೆ, ಅವತ್ತು ಬೇಕೆಂದೇ ಹಾಗೆ ಮಾಡಿದೆಯಾ ಎಂದು. "ಕೊಳೆ ಓಗ್ಲಿ ಅಂತ ತೊಳ್ದೆ ಕಣ್ಮಗ" ಅಂದು ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ನಕ್ಕಳು. ಅನುಮಾನ ನನಗೆ ಇನ್ನೂ ಹೋಗಿಲ್ಲ.

ನನಗೆ ಮೊದಲು ಕೆಲಸ ಸಿಕ್ಕಿದ್ದು ಅವ್ವನ ಸೀಮೆಯ ದೇವಲಾಪುರದಲ್ಲಿ, ಆಮೇಲೆ ನಾಗಮಂಗಲ. ಇಲ್ಲೇ ಮನೆ ಮಾಡಿಕೊಂಡೆ. ಅಪ್ಪ ಹೋದ ಮೇಲೆ ಅವ್ವ ಒಂದು ಟ್ರಂಕಿನ ತುಂಬ ರಟ್ಟುಗಳನ್ನು ತೆಗೆದುಕೊಂಡು ನನ್ನ ಜೊತೆ ಇರಲು ಬಂದಳು. ವಯಸ್ಸಾಯಿತು, ಮಾತು ಕಡಿಮೆ, ಆದರೆ ಪದ ಮಾತ್ರ ನಿಂತಿಲ್ಲ. ಹೋದ ಚಳಿಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿ ಪ್ರಕಾಶ ಮೈಸೂರಿನಿಂದ ಬಂದಿದ್ದ. ಪ್ರೆಸ್ಸಿನಲ್ಲಿ ಕೆಲಸ ಮಾಡುವ ಅವನಿಗೆ ಹಳೆಯ ಜಾಜ್ ಪ್ಲೇಟುಗಳನ್ನು ಸೇರಿಸುವ ಹುಚ್ಚು. ನಮ್ಮ ಟ್ರಂಕನ್ನು ತೆರೆದವನು ಬೆರಳ ತುದಿಯಿಂದ ಅಂಚು ಹಿಡಿದು ಒಂದೊಂದನ್ನೇ ಎತ್ತಿದ. ನೀಲಿ ರಟ್ಟು ಬಂದಾಗ ಅದನ್ನು ಬೆಳಕಿಗೆ ಹಿಡಿದ.

"ಮೇಡಂ, ಈ ರಟ್ಟು ನೋಡ್ಬೇಕು ಅಂತ ಎಷ್ಟ್ ವರ್ಷದಿಂದ ಅಲೀತಿದೀನಿ ಗೊತ್ತಾ? ಎಲ್ಲೂ ಸಿಕ್ಕಲ್ಲ." ಆಮೇಲೆ ಹಣೆಯನ್ನು ನೋಡಿದ. "ಅಯ್ಯೋ, ಇದೇನು ಕುಂಕುಮ? ಮೈಸೂರಲ್ಲಿ ಗೊತ್ತಿರೋರವ್ರೆ, ಕಲೆ ತೆಗ್ಸಿಕೊಡ್ತೀನಿ."

"ಬೇಡಪ್ಪ," ಅಂದೆ. "ಅದು ಅಂಗೇ ಇರ್ಲಿ."

ಒಳಗಿನ ಪ್ಲೇಟನ್ನು ನೋಡಿ ಅವನಿಗೆ ಅಳುವೇ ಬಂತು. ಇದರಲ್ಲಿ ಏನಿತ್ತು ಅಂತ ಗೊತ್ತಾ ಮೇಡಂ, ಕೇಳಿ ಎಂದು ನಾನು ತಡೆಯುವುದರೊಳಗೆ ಫೋನ್ ತೆಗೆದು ಹಚ್ಚಿಬಿಟ್ಟ. ಸಾಸಿವೆ ಸಿಡಿಯುವ ಸದ್ದು ಕೂಡ ಇಲ್ಲದೆ, ಶುದ್ಧವಾಗಿ, ಆ ತುತ್ತೂರಿ ನನ್ನ ಮನೆಯಲ್ಲಿ ಎದ್ದು ನಿಂತಿತು. ಅವ್ವ ಕಿಟಕಿಯ ಹತ್ತಿರ ಕೂತು ಅವರೆಕಾಳು ಹಿದುಕುತ್ತಿದ್ದಳು. ಅವಳ ಕೈ ನಿಂತಿತು. ಅವತ್ತು ಇದನ್ನು ಕೇಳಿ ಕಂಬದ ಹಿಂದೆ ಸೆರಗು ಕಚ್ಚಿಕೊಂಡು ನಿಂತವಳು, ತಿಂಗಳುಗಟ್ಟಲೆ ತುಟಿ ಎರಡು ಮಾಡದವಳು. ಈಗ ಮತ್ತೆ ಬಾಯಿ ಕಟ್ಟಿದರೆ ನಡುಮನೆಯಲ್ಲಿ ರಟ್ಟು ಒರಗಿಸಿ ಕೇಳಲು ಅಪ್ಪ ಎಲ್ಲಿದ್ದಾನೆ? ನಿಲ್ಲಿಸು ಎಂದು ಪ್ರಕಾಶನಿಗೆ ಸನ್ನೆ ಮಾಡಿದೆ. ಅವನು ಕಣ್ಣು ಮುಚ್ಚಿಕೊಂಡಿದ್ದ.

ಅವ್ವ ತಲೆ ಒಂದು ಕಡೆ ವಾಲಿಸಿ ಕಡೆಯ ತನಕ ಕೇಳಿದಳು. ತುತ್ತೂರಿ ಇಳಿಯುತ್ತ ಬಂದು, ನೆಲ ಮುಟ್ಟದೆ ಬಾಗಿ ಮೇಲಕ್ಕೆ ಹೋಗುವ ಕಡೆಯಲ್ಲೆಲ್ಲ ಅವಳ ಗದ್ದ ಸಣ್ಣಗೆ ಆಡುತ್ತಿತ್ತು. ಮುಗಿದ ಮೇಲೆ ಪ್ರಕಾಶನನ್ನು ನೋಡಿ, ಅವನ ಕೈಯಲ್ಲಿದ್ದ ರಟ್ಟನ್ನು ನೋಡಿ, ಮತ್ತೆ ಅವರೆಕಾಳಿಗೆ ಕೈ ಹಾಕಿದಳು.

"ಪರ್ವಾಗಿಲ್ಲ ಕಣಪ್ಪ," ಅಂದಳು. "ನನ್ ಪದವ ಚೆಂದಾಗೇ ಕಲ್ತವ್ನೆ."